ಅಡಿಕೆಯಿಂದ ಕ್ಯಾನ್ಸರ್ ಬರುತ್ತದೋ, ಗುಣವಾಗುತ್ತದೋ? ಎರಡು ಸುದ್ದಿ, ಒಂದು ಕತೆ

ಅಡಿಕೆ ಧಾರಣೆ ನೋಡೋಣ ಎಂದು ಮೊಬೈಲ್ ತೆರೆದರೆ ಈಗೀಗ ಧಾರಣೆಯ ಕೆಳಗೇ ಕ್ಯಾನ್ಸರ್ ಸುದ್ದಿಯೂ ಇರುತ್ತದೆ. ಒಂದು ವಾರ "ಅಡಿಕೆ ಕ್ಯಾನ್ಸರ್‌ಕಾರಕ" ಎಂದು. ಮರುವಾರ "ಅಡಿಕೆಯಲ್ಲಿ ಕ್ಯಾನ್ಸರ್ ತಡೆಯುವ ಗುಣ ಪತ್ತೆ" ಎಂದು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಎರಡೂ ಓಡಾಡುತ್ತವೆ. ಎರಡಕ್ಕೂ ಹೆಬ್ಬೆರಳು ಬೀಳುತ್ತದೆ, ಎರಡನೆಯದಕ್ಕೆ ಸ್ವಲ್ಪ ಜಾಸ್ತಿ.

ಮೊದಲ ಬಗೆಯ ಸುದ್ದಿಗೆ ಆಧಾರ ಗಟ್ಟಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.9 ಲಕ್ಷ ಜನರಿಗೆ ಬಾಯಿ ಕ್ಯಾನ್ಸರ್ ಬಂತು. ಅದರಲ್ಲಿ ಸುಮಾರು 1.2 ಲಕ್ಷಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ, ಆ 1.2 ಲಕ್ಷದಲ್ಲಿ 83 ಸಾವಿರದಷ್ಟು ಭಾರತದ್ದೇ. ಇದೇ ಹೊತ್ತಿಗೆ ಕೇಂದ್ರ ಸರ್ಕಾರ ಅಡಿಕೆ ಮತ್ತು ಆರೋಗ್ಯದ ಬಗ್ಗೆ ಸುಮಾರು 10 ಕೋಟಿ ರೂಪಾಯಿಯ ಅಧ್ಯಯನವನ್ನು ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಮುಂದಾಳತ್ವದಲ್ಲಿ ಕೈಗೆತ್ತಿಕೊಂಡಿದೆ. ಏಮ್ಸ್, ಹೈದರಾಬಾದಿನ ಸಿಸಿಎಂಬಿ, ಬೆಂಗಳೂರಿನ ಐಐಎಸ್‌ಸಿಯಂತಹ ಸಂಸ್ಥೆಗಳೂ ಅದರಲ್ಲಿವೆ. ಹಾಗಾದರೆ ಇಷ್ಟು ದಿನ ಹೇಳಿದ್ದು ಸುಳ್ಳೋ, ಈಗ ಹುಡುಕಲು ಹೊರಟದ್ದು ಏನನ್ನು ಎಂಬ ಗೊಂದಲ ಸಹಜ.

ಒಂದು ವಿಷಯ ಗೊತ್ತಾದರೆ ಈ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅದು ಗ್ರೋತ್ ಫ್ಯಾಕ್ಟರ್. ಅಡಿಕೆಯನ್ನು ದೂರುವ ಸಂಶೋಧನೆಯೂ, ಹೊಗಳುವ ಸಂಶೋಧನೆಯೂ ಅದರ ಸುತ್ತಲೇ ತಿರುಗುತ್ತವೆ.

ಜೀವಕೋಶಕ್ಕೆ ಅಪ್ಪಣೆ ಕೊಡುವುದು ಯಾರು?

ನಮ್ಮ ದೇಹದ ಜೀವಕೋಶ ತನ್ನಷ್ಟಕ್ಕೆ ತಾನು ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಅಪ್ಪಣೆ ಬರಬೇಕು. ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕಿ ಗಾಯವಾಯಿತು ಅನ್ನಿ, ಸುತ್ತಲಿನ ಕೋಶಗಳು ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. "ಇಲ್ಲಿ ಜಾಗ ಖಾಲಿಯಾಗಿದೆ, ಬೆಳೆಯಿರಿ" ಎನ್ನುವ ಸಂದೇಶ ಅದು. ಈ ಪ್ರೋಟೀನುಗಳೇ ಗ್ರೋತ್ ಫ್ಯಾಕ್ಟರ್‌ಗಳು.

ಸ್ಟಾನ್ಲಿ ಕೋಹೆನ್ ಎಂಬ ವಿಜ್ಞಾನಿ ಆಗ ತಾನೇ ಹುಟ್ಟಿದ ಇಲಿಮರಿಗಳಿಗೆ ಇಲಿಯ ಜೊಲ್ಲುಗ್ರಂಥಿಯ ಸಾರ ಚುಚ್ಚಿದಾಗ ಅವು ದಿನಕ್ಕಿಂತ ಮೊದಲೇ ಕಣ್ಣು ಬಿಟ್ಟವು. ರೆಪ್ಪೆಯ ಚರ್ಮ ಬೇಗ ಬೆಳೆದಿತ್ತು. ಆ ಸಾರದಲ್ಲಿ ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಇಜಿಎಫ್, ಅಂದರೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. ನರಗಳ ಗ್ರೋತ್ ಫ್ಯಾಕ್ಟರ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆಗೆ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು.

ಕೆಲಸ ನಡೆಯುವ ಕ್ರಮ ತೋಟದ ಪಂಪಿನ ಹಾಗೆ. ಗ್ರೋತ್ ಫ್ಯಾಕ್ಟರ್ ಅಂದರೆ ಸ್ವಿಚ್ ಒತ್ತುವ ಬೆರಳು. ಸ್ವಿಚ್ ಇರುವುದು ಕೋಶದ ಹೊರಪೊರೆಯ ಮೇಲೆ, ಅದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಒತ್ತಿದ ಕೂಡಲೇ ಒಳಗಿನ ವೈರು, ಸ್ಟಾರ್ಟರ್ ಎಲ್ಲ ಒಂದರ ನಂತರ ಒಂದು ಕೆಲಸ ಶುರು ಮಾಡಿ, ಕೊನೆಗೆ ಡಿಎನ್‌ಎ ಇರುವ ಜಾಗದಲ್ಲಿ ಪಂಪು ಓಡುತ್ತದೆ. ಕೋಶ ಎರಡಾಗುತ್ತದೆ. ಗಾಯ ಮುಚ್ಚಿದ ಮೇಲೆ ಬೆರಳು ತೆಗೆಯಬೇಕು, ಪಂಪು ನಿಲ್ಲಬೇಕು. ಅಷ್ಟೇ.

ಸ್ಟಾರ್ಟರ್ ಅಂಟಿಕೊಂಡಾಗ

ಪಂಪು ನಿಲ್ಲದಿರಲು ಹಲವು ಕಾರಣ ಇರಬಹುದು, ಅಲ್ವಾ? ಬೆರಳು ಸ್ವಿಚ್ಚಿನ ಮೇಲಿಂದ ಏಳುವುದೇ ಇಲ್ಲ. ಅಂದರೆ ಕೋಶ ತನ್ನ ಗ್ರೋತ್ ಫ್ಯಾಕ್ಟರನ್ನು ತಾನೇ ತಯಾರಿಸಿಕೊಂಡು ತನಗೇ ಅಪ್ಪಣೆ ಕೊಟ್ಟುಕೊಳ್ಳುತ್ತಿರುತ್ತದೆ. ಇಲ್ಲವೇ ಒಂದು ಸ್ವಿಚ್ ಇರಬೇಕಾದಲ್ಲಿ ಇಪ್ಪತ್ತು ಸ್ವಿಚ್ ಇರುತ್ತದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಹೆರ್-2 ಎಂಬ ರಿಸೆಪ್ಟರ್ ಹೀಗೆ ಮಿತಿಮೀರಿ ಇರುತ್ತದೆ, ತಲೆ-ಕುತ್ತಿಗೆ ಭಾಗದ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಇಜಿಎಫ್‌ನ ರಿಸೆಪ್ಟರ್ ಹೆಚ್ಚಾಗಿರುತ್ತದೆ. ಬಾಯಿ ಕ್ಯಾನ್ಸರ್ ಕೂಡ ಈ ಗುಂಪಿನದೇ.

ಮೂರನೆಯ ಬಗೆಯೇ ಕಷ್ಟದ್ದು. ಸ್ಟಾರ್ಟರ್‌ನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡರೆ ಸ್ವಿಚ್ ಆಫ್ ಮಾಡಿದರೂ ಮೋಟರು ತಿರುಗುತ್ತಲೇ ಇರುವುದನ್ನು ತೋಟದವರು ಬಲ್ಲರು. ರಾಸ್ ಎಂಬ ಪ್ರೋಟೀನಿನ ಜೀನ್ ಕೆಟ್ಟರೆ ಆಗುವುದು ಅದೇ. ಹೊರಗೆ ಯಾವ ಬೆರಳೂ ಇಲ್ಲ, ಒಳಗೆ ಮಾತ್ರ ಅಪ್ಪಣೆ ಹರಿಯುತ್ತಿದೆ.

ಆದರೆ ಇಷ್ಟಕ್ಕೇ ಕ್ಯಾನ್ಸರ್ ಆಗಿಬಿಡುವುದಿಲ್ಲ. ನಿಲ್ಲಿಸುವ ವ್ಯವಸ್ಥೆಯೂ ಕೆಡಬೇಕು. ದೇಹದಲ್ಲಿ "ಬೆಳೆ" ಎನ್ನುವ ಸಂದೇಶ ಇರುವ ಹಾಗೆ "ಸಾಕು, ನಿಲ್ಲು" ಎನ್ನುವ ಸಂದೇಶವೂ ಇದೆ. ಅಡಿಕೆಯ ಕತೆ ಶುರುವಾಗುವುದು ಈ ಎರಡನೆಯ ಸಂದೇಶದಿಂದ.

ಅಡಿಕೆ ಜಗಿದಾಗ ಬಾಯಲ್ಲಿ ಆಗುವುದು

ಟಿಜಿಎಫ್-ಬೀಟಾ ಎಂಬುದು ಹೆಸರಿಗೆ ಗ್ರೋತ್ ಫ್ಯಾಕ್ಟರ್. ಆದರೆ ಬಾಯಿಯ ಮೇಲುಪದರದ ಕೋಶಗಳಿಗೆ ಅದು ಹೇಳುವುದು "ನಿಲ್ಲು" ಎಂದು. ಅದೇ ಸಂದೇಶ ಕೆಳಪದರಕ್ಕೆ ಮುಟ್ಟಿದಾಗ ಅರ್ಥ ಬೇರೆ. ಅಲ್ಲಿ ನಾರು ತಯಾರಿಸುವ ಕೋಶಗಳಿಗೆ ಅದು "ನೇಯುತ್ತಾ ಹೋಗು" ಎನ್ನುತ್ತದೆ. ಒಂದೇ ಗೇಟ್‌ವಾಲ್ವ್ ತಿರುಗಿಸಿದರೆ ಮೇಲಿನ ತೋಟಕ್ಕೆ ನೀರು ನಿಂತು ಕೆಳಗಿನ ತೋಟಕ್ಕೆ ಹರಿಯುವುದಿಲ್ವಾ, ಹಾಗೆ.

ಅಡಿಕೆ ಜಗಿಯುತ್ತಾ ಹೋದಂತೆ ಈ ವಾಲ್ವು ಪದೇಪದೇ ತಿರುಗುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿ. ಕೊಂಡಯ್ಯ ಅವರ ತಂಡ 2012ರಲ್ಲಿ ಇದನ್ನು ತೋರಿಸಿತು. ಅಡಿಕೆಯನ್ನು ನೀರಿನಲ್ಲಿ ನೆನೆಸಿ ತೆಗೆದ ಸಾರವನ್ನು ಮೇಲುಪದರದ ಕೋಶಗಳಿಗೆ ಕೊಟ್ಟಾಗ ಟಿಜಿಎಫ್-ಬೀಟಾದ ಸಂಕೇತ ಚುರುಕಾಯಿತು. ಅಡಿಕೆಯಲ್ಲೇ ಇರುವ ಅರೆಕೊಲಿನ್‌ನಂತಹ ಆಲ್ಕಲಾಯ್ಡ್‌ಗಳಿಗೂ, ಅಡಿಕೆಯ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳಿಗೂ ಇದರಲ್ಲಿ ಪಾತ್ರ ಇತ್ತು. ಗಮನಿಸಬೇಕಾದ್ದು ಏನೆಂದರೆ ಆ ಸಾರದಲ್ಲಿ ಹೊಗೆಸೊಪ್ಪು ಇರಲಿಲ್ಲ. ಬರೀ ಅಡಿಕೆ.

ಆ ಬಳಿಕದ ಸರಣಿ ಹೀಗೆ. ಕೆಳಪದರದಲ್ಲಿ ಕೊಲಾಜೆನ್ ಎಂಬ ನಾರು ಜಾಸ್ತಿಯಾಗುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶದಿಂದ ಆ ನಾರುಗಳನ್ನು ಒಂದಕ್ಕೊಂದು ಹೊಲಿಯುವ ಎಂಜೈಮ್ ಚುರುಕಾಗುತ್ತದೆ. ಹಳೆಯ ನಾರನ್ನು ಕರಗಿಸುವ ಕೆಲಸ ನಿಧಾನವಾಗುತ್ತದೆ. ಕೆನ್ನೆ ಒಳಗಿನಿಂದ ಬಿಳುಚಿ ಗಟ್ಟಿಯಾಗುತ್ತದೆ, ಖಾರ ಮುಟ್ಟಿದರೆ ಉರಿಯುತ್ತದೆ, ಕೊನೆಗೆ ಬಾಯಿಗೆ ಮೂರು ಬೆರಳು ಹಿಡಿಸುವುದೂ ಕಷ್ಟ. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ಹಾಸಿಟ್ಟ ಚಾಪೆ. ಎರ್ನಾಕುಳಂ ಜಿಲ್ಲೆಯಲ್ಲಿ ಇಂತಹ 66 ಮಂದಿಯನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಜನರಿಗೆ ಕ್ಯಾನ್ಸರ್ ಬಂದಿತ್ತು.

ನಿಲ್ಲು ಎಂದವನೇ ಓಡು ಎನ್ನುವುದು

ಟಿಜಿಎಫ್-ಬೀಟಾ "ನಿಲ್ಲು" ಎನ್ನುವುದಾದರೆ ಅದು ಜಾಸ್ತಿ ಇದ್ದಷ್ಟೂ ಕ್ಯಾನ್ಸರ್ ಕಡಿಮೆ ಆಗಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳನ್ನೂ ಬಹಳ ಕಾಲ ಸತಾಯಿಸಿದ ಪ್ರಶ್ನೆ ಇದು.

ಉತ್ತರ ಸಮಯದಲ್ಲಿದೆ. ಆರಂಭದಲ್ಲಿ ಅದು ನಿಜಕ್ಕೂ ಬ್ರೇಕು. ಮೇಲುಪದರ ತೆಳುವಾಗುತ್ತದೆ. ಆದರೆ ತೆಳುವಾದ ಪದರದ ಮೂಲಕ ಅಡಿಕೆಯ ರಸದಲ್ಲಿರುವ ಬೇರೆ ಹಾನಿಕಾರಕಗಳು ಸುಲಭವಾಗಿ ಒಳಗಿಳಿಯುತ್ತವೆ. ಜಗಿಯುವಾಗ ಜೊಲ್ಲಿನೊಡನೆ ಸೇರಿ ಹುಟ್ಟುವ ನೈಟ್ರೋಸಮೀನ್‌ಗಳು, ಸುಣ್ಣ ಬೆರೆತಾಗ ಏಳುವ ಆಕ್ಸಿಜನ್‌ನ ಉಗ್ರ ಕಣಗಳು ಡಿಎನ್‌ಎಯನ್ನು ಗಾಯಗೊಳಿಸುತ್ತವೆ. ಹತ್ತಿಪ್ಪತ್ತು ವರ್ಷ ಹೀಗೆ ನಡೆದಾಗ ಯಾವುದೋ ಒಂದು ಕೋಶದಲ್ಲಿ "ನಿಲ್ಲು" ಎಂಬ ಮಾತು ಕೇಳಿಸಿಕೊಳ್ಳುವ ಭಾಗವೇ ಕೆಟ್ಟುಹೋಗಬಹುದು. ಸುತ್ತಲಿನವರೆಲ್ಲ ಅಪ್ಪಣೆ ಪಾಲಿಸಿ ಸುಮ್ಮನಿರುವಾಗ ಈ ಕಿವುಡು ಕೋಶ ಒಂದೇ ಬೆಳೆಯುತ್ತದೆ. ಬ್ರೇಕಿನ ಒತ್ತಡವೇ ಅದಕ್ಕೆ ಜಾಗ ಮಾಡಿಕೊಟ್ಟಂತಾಯಿತು.

ಅಷ್ಟರಲ್ಲಿ ಟಿಜಿಎಫ್-ಬೀಟಾ ಅಲ್ಲೇ ಧಾರಾಳವಾಗಿ ಇದೆ. ಬೇಲಿ ಹಾರಿದ ಕೋಶಗಳಿಗೆ ಈಗ ಅದರಿಂದ ಲಾಭವೇ. ಜಾಗ ಬಿಟ್ಟು ಕದಲಲು, ಹೊಸ ರಕ್ತನಾಳ ಎಳೆದುಕೊಳ್ಳಲು, ರೋಗನಿರೋಧಕ ಕೋಶಗಳನ್ನು ಮಂಕಾಗಿಸಲು ಅದೇ ನೆರವಾಗುತ್ತದೆ. ಇದು ಬಾಯಿ ಕ್ಯಾನ್ಸರ್‌ಗೆ ಮಾತ್ರ ಸೀಮಿತವಲ್ಲ, ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕಂಡ ಸಂಗತಿ.

ಹಾಗಾದರೆ ಇಲಿಯ ಗಡ್ಡೆ ಕುಗ್ಗಿದ್ದು?

ಈಗ ಎರಡನೆಯ ಸುದ್ದಿಗೆ ಬರೋಣ. ಬೆಳೆಗಾರರ ಸಭೆಗಳಲ್ಲಿ ಪದೇಪದೇ ಕೇಳಿಬರುವುದು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ 2016ರ ಸಂಶೋಧನೆ. ಅದು ಸುಳ್ಳಲ್ಲ. ಒಳ್ಳೆಯ ಪತ್ರಿಕೆಯಲ್ಲೇ ಬಂದದ್ದು.

ಅದರಲ್ಲಿ ಏನಿದೆ? ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಕೋಶವನ್ನು ಕೆಣಕಿದಾಗ ಎಸಿಎಟಿ-1 ಎಂಬ ಎಂಜೈಮ್ ನಾಲ್ಕು ನಾಲ್ಕರ ಕಟ್ಟಾಗಿ ಸೇರಿಕೊಂಡು ಚುರುಕಾಗುತ್ತದೆ. ಕ್ಯಾನ್ಸರ್ ಕೋಶಗಳು ತಮಗೆ ಬೇಕಾದ ಹಾಗೆ ಸಕ್ಕರೆ ಬಳಸಿಕೊಳ್ಳಲು ಈ ಕಟ್ಟು ನೆರವಾಗುತ್ತದೆ. ಆ ಕಟ್ಟನ್ನು ಬಿಡಿಸುವ ರಾಸಾಯನಿಕಕ್ಕಾಗಿ ಹುಡುಕಿದಾಗ ಸಿಕ್ಕಿದ್ದು ಅರೆಕೊಲಿನ್ ಹೈಡ್ರೋಬ್ರೋಮೈಡ್, ಅಂದರೆ ಅಡಿಕೆಯಲ್ಲಿರುವ ಅದೇ ಅರೆಕೊಲಿನ್‌ನ ಲವಣ. ಅದನ್ನು ಕೊಟ್ಟಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು.

ಅಂದರೆ ಇಲ್ಲಿಯೂ ಕತೆ ಗ್ರೋತ್ ಫ್ಯಾಕ್ಟರಿನದ್ದೇ. ಆದರೆ ಪ್ರಶ್ನೆ ಬೇರೆ. ಎಮೊರಿಯವರು ಕೇಳಿದ್ದು "ಈಗಾಗಲೇ ಬೆಳೆದಿರುವ ಗಡ್ಡೆಗೆ ಶುದ್ಧ ರಾಸಾಯನಿಕವನ್ನು ಅಳತೆ ಮಾಡಿ ಕೊಟ್ಟರೆ ಏನಾಗುತ್ತದೆ" ಎಂದು. ಎರ್ನಾಕುಳಂನಲ್ಲಿ ನೋಡಿದ್ದು "ವರ್ಷಗಟ್ಟಲೆ ಅಡಿಕೆಯ ರಸ ತಾಗಿದ ಬಾಯಿಯಲ್ಲಿ ಏನಾಗುತ್ತದೆ" ಎಂದು. ಎರಡರ ಉತ್ತರ ಬೇರೆ ಬೇರೆಯಾದರೆ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಕ್ಯಾನ್ಸರ್‌ಗೆ ಕೊಡುವ ಕೆಲವು ಕೀಮೋ ಔಷಧಗಳೇ ಐಎಆರ್‌ಸಿಯ ಕ್ಯಾನ್ಸರ್‌ಕಾರಕ ಪಟ್ಟಿಯಲ್ಲಿವೆ ಎಂದರೆ ಆಶ್ಚರ್ಯವಾಗಬಹುದು, ಆದರೆ ಅದು ನಿಜ. ಗಡ್ಡೆ ಕುಗ್ಗಿಸುವ ಗುಣ ಇದೆ ಎಂದು ಆ ಔಷಧಗಳನ್ನು ಯಾರೂ ಊಟದ ನಂತರ ಬಾಯಿಗೆ ಹಾಕಿಕೊಳ್ಳುವುದಿಲ್ಲ.

ಬೆಳೆಗಾರರ ವಾದದಲ್ಲಿ ಹುರುಳಿಲ್ಲವೇ?

ಇದೆ. ಪೂರ್ತಿ ತಳ್ಳಿಹಾಕುವಂತಿಲ್ಲ.

"ತೊಂದರೆ ತಂಬಾಕಿನಿಂದ, ಅಡಿಕೆಯಿಂದ ಅಲ್ಲ" ಎನ್ನುವುದು ಮೊದಲ ವಾದ. 1985ರಲ್ಲಿ ಐಎಆರ್‌ಸಿ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ತಂಬಾಕು ಸೇರಿದ ವೀಳ್ಯ ಕ್ಯಾನ್ಸರ್‌ಕಾರಕ, ತಂಬಾಕಿಲ್ಲದ್ದರ ಬಗ್ಗೆ ಸಾಕಷ್ಟು ಪುರಾವೆ ಇಲ್ಲ ಎಂದು. ಆಮೇಲೆ ತೈವಾನಿನಂತಹ ಕಡೆಗಳಿಂದ ಅಧ್ಯಯನಗಳು ಬಂದವು. ಅಲ್ಲಿ ಅಡಿಕೆಗೆ ತಂಬಾಕು ಸೇರಿಸುವ ರೂಢಿಯೇ ಇಲ್ಲ. ಬೀಡಿ-ಸಿಗರೇಟಿನ ಲೆಕ್ಕ ಬೇರೆ ಮಾಡಿ ನೋಡಿದರೂ ಬಾಯಿ ಕ್ಯಾನ್ಸರಿನ ಅಪಾಯ ಎದ್ದು ಕಂಡಿತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ತಂಬಾಕಿಲ್ಲದ ವೀಳ್ಯವೂ, ಅಡಿಕೆಯೂ ಗುಂಪು 1ಕ್ಕೆ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿದವು. ವಾದ ಹಳೆಯದು, ಪುರಾವೆ ಹೊಸದು. ತಂಬಾಕು ಸೇರಿದರೆ ಅಪಾಯ ಇನ್ನೂ ಏರುತ್ತದೆ ಎಂಬುದರಲ್ಲಿ ಮಾತ್ರ ಎರಡೂ ಕಡೆಯವರಿಗೆ ಜಗಳವಿಲ್ಲ.

"ನಮ್ಮ ಹಿರಿಯರು ದಿನಾ ಎಲೆ ಅಡಿಕೆ ತಿಂದು ತೊಂಬತ್ತು ವರ್ಷ ಬದುಕಿದರು" ಎನ್ನುವುದು ಎರಡನೆಯದು. ಬದುಕಿರಬಹುದು. ಶೇ. 7.6 ಎಂದರೆ ಬಾಯಿ ಬಿಗಿದುಕೊಂಡವರಲ್ಲೂ ನೂರಕ್ಕೆ ತೊಂಬತ್ತೆರಡು ಜನರಿಗೆ ಆ 17 ವರ್ಷದಲ್ಲಿ ಕ್ಯಾನ್ಸರ್ ಬರಲಿಲ್ಲ ಎಂದೇ ಅರ್ಥ. ಸಿಗರೇಟು ಸೇದಿದವರಲ್ಲೂ ಹೆಚ್ಚಿನವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದಿಲ್ಲ. ಅದಕ್ಕಾಗಿ ಸಿಗರೇಟನ್ನು ನಿರಪರಾಧಿ ಎನ್ನುವುದಿಲ್ಲ ತಾನೇ?

ಮೂರನೆಯ ವಾದಕ್ಕೆ ಹೆಚ್ಚು ತೂಕ ಇದೆ. ಹರಿವಾಣದಿಂದ ಎಲೆ ತೆಗೆದು ಸುಣ್ಣ ಹಚ್ಚಿ ಒಂದು ಹೋಳು ಅಡಿಕೆ ಇಟ್ಟು ತಿನ್ನುವುದಕ್ಕೂ, ಪ್ಯಾಕೆಟ್ ಹರಿದು ಒಣಪುಡಿಯನ್ನು ದಿನಕ್ಕೆ ಹತ್ತು ಬಾರಿ ಕೆನ್ನೆಯಲ್ಲಿ ಅಡಗಿಸುವುದಕ್ಕೂ ವ್ಯತ್ಯಾಸ ಇದೆ. ಪ್ಯಾಕೆಟ್ ಬಂದ ಮೇಲೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಹದಿಹರೆಯದವರಲ್ಲೂ ಕಾಣಿಸತೊಡಗಿತು. ವೀಳ್ಯದೆಲೆಯಲ್ಲಿ ಕೋಶಗಳನ್ನು ಕಾಯುವ ಅಂಶಗಳು ಇರುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಪ್ರಮಾಣ ಮತ್ತು ವಿಧಾನದ ಈ ವ್ಯತ್ಯಾಸವನ್ನು ಸರಿಯಾಗಿ ಅಳೆಯಬೇಕು ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ "ಕಡಿಮೆ ಅಪಾಯ" ಎನ್ನುವುದನ್ನು "ಅಪಾಯವೇ ಇಲ್ಲ" ಎಂದು ತಿದ್ದಿ ಹಂಚುವುದು ಸರಿಯಲ್ಲ.

ಗುಂಪು 1, ಗುಂಪು 2ಬಿ

ಇನ್ನೊಂದು ಗೊಂದಲ ಇಲ್ಲಿದೆ. ಅಡಿಕೆ ಗುಂಪು 1ರಲ್ಲಿದ್ದರೆ ಅದರೊಳಗಿನ ಅರೆಕೊಲಿನ್ ಇರುವುದು 2ಬಿಯಲ್ಲಿ, ಅಂದರೆ "ಕ್ಯಾನ್ಸರ್‌ಕಾರಕ ಇರಬಹುದು" ಎನ್ನುವ ಪಟ್ಟಿಯಲ್ಲಿ. ಮುಖ್ಯ ವಿಷವೇ ಬರೀ "ಇರಬಹುದು" ಆದರೆ ಅಡಿಕೆ ಹೇಗೆ "ಹೌದು" ಆಗುತ್ತದೆ ಎಂದು ಕೇಳುವವರಿದ್ದಾರೆ. ಕಾರಣ ಸರಳ. ಶುದ್ಧ ಅರೆಕೊಲಿನ್ ತಿನ್ನುವ ಜನ ಎಲ್ಲೂ ಇಲ್ಲ, ಹಾಗಾಗಿ ಮನುಷ್ಯರಲ್ಲಿ ಅದರದ್ದೇ ಪುರಾವೆ ಸಿಗುವುದು ಕಷ್ಟ. ಅಡಿಕೆ ತಿನ್ನುವವರು ಕೋಟಿಗಟ್ಟಲೆ ಇದ್ದಾರೆ.

ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮದ್ಯ, ಸಂಸ್ಕರಿಸಿದ ಮಾಂಸ, ಬಿಸಿಲು ಎಲ್ಲವೂ ಗುಂಪು 1ರಲ್ಲಿಯೇ ಇವೆ. "ಅಡಿಕೆ ಸಿಗರೇಟಿನಷ್ಟೇ ಕೆಟ್ಟದ್ದು" ಎಂದು ಇದರಿಂದ ಹೊರಡುವುದಿಲ್ಲ. ಸುದ್ದಿ ಬರೆಯುವವರು ಇಲ್ಲಿ ಬಹಳ ಸಲ ಎಡವುತ್ತಾರೆ.

ಸ್ವಿಚ್ ಮುಚ್ಚುವ ಔಷಧ

ಗ್ರೋತ್ ಫ್ಯಾಕ್ಟರಿನ ದಾರಿ ಗೊತ್ತಾದ ಮೇಲೆ ಅದನ್ನು ಮುಚ್ಚುವ ಔಷಧಗಳು ಬಂದವು. ಬಾಯಿ-ಗಂಟಲು ಕ್ಯಾನ್ಸರ್‌ಗೆ ಇಜಿಎಫ್ ರಿಸೆಪ್ಟರನ್ನು ಮುಚ್ಚುವ ಸೆಟುಕ್ಸಿಮ್ಯಾಬ್, ನಿಮೊಟುಜುಮ್ಯಾಬ್ ಇವೆ. ಕ್ಯೂಬಾದಲ್ಲಿ ಹುಟ್ಟಿದ ನಿಮೊಟುಜುಮ್ಯಾಬನ್ನು ಬೆಂಗಳೂರಿನ ಬಯೋಕಾನ್ 2006ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಕೀಮೋ ಮತ್ತು ರೇಡಿಯೇಷನ್ ಜೊತೆಗೆ ಇದನ್ನೂ ಕೊಟ್ಟರೆ ರೋಗ ಮರಳುವುದು ತಡವಾಗುತ್ತದೆ ಎಂದು ಮುಂಬೈಯ ಟಾಟಾ ಆಸ್ಪತ್ರೆಯ ಪ್ರಯೋಗ 2019ರಲ್ಲಿ ತೋರಿಸಿತು.

ಆದರೆ ಸ್ಟಾರ್ಟರ್ ಅಂಟಿಕೊಂಡಿದ್ದರೆ ಸ್ವಿಚ್ ಮುಚ್ಚಿ ಪ್ರಯೋಜನವಿಲ್ಲ. ರಾಸ್ ಕೆಟ್ಟಿರುವ ಕರುಳಿನ ಕ್ಯಾನ್ಸರ್‌ಗೆ ಸೆಟುಕ್ಸಿಮ್ಯಾಬ್ ನಾಟದಿರುವುದು ಇದೇ ಕಾರಣಕ್ಕೆ. ಹಾಗಾಗಿಯೇ ಕೆಲವು ಕ್ಯಾನ್ಸರ್‌ಗಳಲ್ಲಿ ಔಷಧ ಬರೆಯುವ ಮೊದಲು ಜೀನ್ ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಅದು ಸುಮ್ನೆ ಬಿಲ್ ಏರಿಸಲಿಕ್ಕಲ್ಲ.

ಟಿಜಿಎಫ್-ಬೀಟಾ ಮುಚ್ಚುವುದು ಇನ್ನೂ ಕಷ್ಟ. ಎರಡು ಮುಖ ಇರುವವನನ್ನು ಕಟ್ಟಿಹಾಕಿದರೆ ಒಳ್ಳೆಯ ಮುಖವೂ ಕಟ್ಟಿಹೋಗುತ್ತದೆ. ಅದನ್ನು ಹಿಡಿಯಲು ಮಾಡಿದ ಒಂದು ಔಷಧದ ದೊಡ್ಡ ಪ್ರಯೋಗವನ್ನು ಶ್ವಾಸಕೋಶದ ಕ್ಯಾನ್ಸರಿನಲ್ಲಿ 2021ರಲ್ಲಿ ನಿಲ್ಲಿಸಬೇಕಾಯಿತು. ಬಾಯಿ ಬಿಗಿದುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ತರುವ ಮದ್ದು ಇವತ್ತಿಗೂ ಕೈಯಲ್ಲಿಲ್ಲ. ಜಗಿಯುವುದು ಬಿಟ್ಟರೆ ಅದು ಮುಂದುವರಿಯುವ ವೇಗ ತಗ್ಗುತ್ತದೆ, ಅಷ್ಟೇ.

ಇದಕ್ಕಿಂತ ಅಗ್ಗದ ದಾರಿ ಇರುವುದು ಕೇರಳದಲ್ಲೇ ಸಾಬೀತಾಗಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತ್‌ಗಳನ್ನು ಆರಿಸಿ, ಅವುಗಳಲ್ಲಿ ಏಳರಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿಯೊಳಗೆ ಬೆಳಕು ಹಾಕಿ ನೋಡಿದರು. ಉಳಿದ ಪಂಚಾಯತ್‌ಗಳಿಗೆ ಹೋಲಿಸಿದರೆ ಅಲ್ಲಿ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34 ಕಡಿಮೆ ಇದ್ದದ್ದು 2005ರಲ್ಲಿ ಪ್ರಕಟವಾಯಿತು. ಗಾಯ ಸಣ್ಣದಿದ್ದಾಗಲೇ ಸಿಕ್ಕಿದರೆ ತಲಶ್ಶೇರಿಯ ಆಸ್ಪತ್ರೆಗೋ ಮಂಗಳೂರಿನ ಆಸ್ಪತ್ರೆಗೋ ಒಂದೆರಡು ಸಲ ಹೋಗಿ ಮುಗಿಯಬಹುದು, ತಡವಾದರೆ ದವಡೆಯೇ ಹೋಗುತ್ತದೆ.

ವರದಿ ಬಂದಾಗ ಏನು ನೋಡಬೇಕು

ಸಿಪಿಸಿಆರ್‌ಐ ಮುಂದಾಳತ್ವದ ಅಧ್ಯಯನದ ಬಗ್ಗೆ ಎರಡು ಕಡೆಯಿಂದಲೂ ಅನುಮಾನ ಇದೆ. ಬೆಳೆಗೆ ಸಂಬಂಧಿಸಿದ ಸಂಸ್ಥೆ ಬೆಳೆಯ ಪರವಾಗಿಯೇ ಬರೆಯುತ್ತದೆ ಎಂದು ಕೆಲವರು. ವಿದೇಶದ ವರದಿ ನಂಬಿ ನಮ್ಮ ಹೊಟ್ಟೆಗೆ ಹೊಡೆಯುತ್ತಾರೆ ಎಂದು ಬೆಳೆಗಾರರು. ಹಳದಿ ರೋಗ, ಎಲೆಚುಕ್ಕಿ ರೋಗದಿಂದ ಮೊದಲೇ ಸೋತ ತೋಟದವನಿಗೆ ಈ ಸಿಟ್ಟು ಬರುವುದು ಅಸಹಜವೇನಲ್ಲ. ಅಗ್ಗದ ಆಮದು ತಡೆಯಲು ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಇಟ್ಟಿರುವ ಸರ್ಕಾರವೇ ನಾಳೆ ಪ್ಯಾಕೆಟ್ ಮೇಲೆ ಎಚ್ಚರಿಕೆಯ ಚಿತ್ರ ಹಾಕಲು ಹೊರಟರೆ ಧಾರಣೆ ಎತ್ತ ಹೋಗುತ್ತದೆ ಎಂಬ ಭಯ ನಿಜವಾದದ್ದು.

ವರದಿ ಬಂದ ದಿನ ತಲೆಬರಹ ಬಿಟ್ಟು ಒಳಗೆ ನೋಡಬೇಕಾದ್ದು ಇಷ್ಟು. ಜಗಿಯುವ ಜನರನ್ನು ವರ್ಷಗಟ್ಟಲೆ ಗಮನಿಸಿದ್ದಾರೋ, ಅಥವಾ ಗಾಜಿನ ತಟ್ಟೆಯ ಕೋಶಗಳ ಮೇಲೆ ಸಾರ ಹಾಕಿದ್ದಾರೋ? ಕೋಶಗಳಾದರೆ, ಮೊದಲೇ ಕ್ಯಾನ್ಸರ್ ಆದವೋ, ಆರೋಗ್ಯವಂತ ಬಾಯಿಯವೋ? ಕ್ಯಾನ್ಸರ್ ಕೋಶ ಸತ್ತರೆ "ಅಡಿಕೆ ಔಷಧ" ಎಂಬ ಸುದ್ದಿ ಬರುತ್ತದೆ, ಆರೋಗ್ಯವಂತ ಕೋಶದಲ್ಲಿ ಟಿಜಿಎಫ್-ಬೀಟಾ ಏರಿದರೆ "ಅಡಿಕೆ ವಿಷ" ಎಂಬ ಸುದ್ದಿ ಬರುತ್ತದೆ, ಒಂದೇ ವರದಿಯಲ್ಲಿ ಎರಡೂ ಇರಬಹುದು. ತಂಬಾಕು ತಿನ್ನುವವರನ್ನೂ ತಿನ್ನದವರನ್ನೂ ಬೇರೆ ಮಾಡಿ ಎಣಿಸಿದ್ದಾರೆಯೇ ಎಂಬುದು ಇನ್ನೊಂದು. ಮತ್ತೆ, ಎಣಿಸಿದ್ದು ಎಲ್ಲಿಯವರನ್ನು? ಇಲ್ಲಿನ ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಬಹುಪಾಲು ಗುಜರಾತ್ ಸಹಿತ ಉತ್ತರದ ರಾಜ್ಯಗಳಿಗೆ ಹೋಗುತ್ತದೆ. ಅದನ್ನು ಪ್ಯಾಕೆಟ್‌ನಿಂದ ಬಾಯಿಗೆ ಸುರಿದುಕೊಳ್ಳುವವರು ಪೆರ್ಲದಲ್ಲೋ ಬದಿಯಡ್ಕದಲ್ಲೋ ಇರುವುದಿಲ್ಲ.